ರಕ್ಷಣೆಗೆ ತೋಟೆ ಕೋವಿ: 10 ಬೋರ್ ಬೇಕೆ, 12 ಸಾಕೆ, 20 ಕಡಿಮೆಯೇ?

ದೊಡ್ಡ ಬೋರಿನ ಕೋವಿ ಬೇಕೆನ್ನುವವರ ವಾದ ಸರಳ. ಬಾಯಿ ದೊಡ್ಡದಾದರೆ ತೋಟೆಯೊಳಗಿನ ಚರೆ, ಅಂದರೆ ಸಣ್ಣ ಗುಂಡುಗಳು, ಹೆಚ್ಚು, ಚರೆ ಹೆಚ್ಚಾದರೆ ತಗಲುವ ಸಂಭವ ಹೆಚ್ಚು, ತಗಲಿದರೆ ಎದುರಿಗಿದ್ದವನು ಅಲ್ಲೇ ನಿಲ್ಲುತ್ತಾನೆ. ತಲೆಯ ಮೇಲೆ ನಲವತ್ತು ಮೀಟರ್ ಎತ್ತರದಲ್ಲಿ ಹಾರುವ ಹೆಬ್ಬಾತಿಗೆ ಗುರಿಯಿಡುವವನಿಗೆ ಈ ಲೆಕ್ಕ ಸರಿ. ಆದರೆ ಮನೆಯೊಳಗೆ ಐದಾರು ಮೀಟರ್ ದೂರದಲ್ಲಿ, ಅರೆಗತ್ತಲಲ್ಲಿ, ಕೈ ನಡುಗುತ್ತಿರುವಾಗ ಇದೇ ಲೆಕ್ಕ ತಲೆಕೆಳಗಾಗುತ್ತದೆ. ದೊಡ್ಡ ಬೋರ್ ಕೊಡುವುದು ಹೆಚ್ಚು ಚರೆಗಳನ್ನು, ಹೆಚ್ಚು ಬಲದ ಚರೆಗಳನ್ನಲ್ಲ. ಅದರ ಬೆಲೆಯನ್ನು ಎರಡನೇ ಈಡಿನಲ್ಲಿ, ಕೋವಿಯ ತೂಕದಲ್ಲಿ, ಒಳಗೆ ಹಿಡಿಸುವ ತೋಟೆಗಳ ಸಂಖ್ಯೆಯಲ್ಲಿ ತೆರಬೇಕಾಗುತ್ತದೆ.

ಬೋರ್ ಎಂದರೆ ಎಷ್ಟು ದೊಡ್ಡದು

ಬೋರ್ ಅಥವಾ ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ನಳಿಗೆ ದೊಡ್ಡದು. ನಳಿಗೆಯ ಒಳ ಅಳತೆಗೆ ಸರಿಯಾಗಿ ಎರಕ ಹೊಯ್ದ ಸೀಸದ ಗೋಲಿಗಳು ಎಷ್ಟು ಸೇರಿದರೆ ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ, ಆಗುತ್ತದೋ ಅದೇ ಬೋರ್ ಸಂಖ್ಯೆ. 12 ಬೋರಿನ ಗೋಲಿ 37.8 ಗ್ರಾಂ ತೂಗುತ್ತದೆ, ನಳಿಗೆಯ ಒಳವ್ಯಾಸ 18.5 ಮಿ.ಮೀ. 10 ಬೋರಿನದು 45.4 ಗ್ರಾಂ, ಒಳವ್ಯಾಸ 19.7 ಮಿ.ಮೀ. 8 ಬೋರ್ 21.2 ಮಿ.ಮೀ., 20 ಬೋರ್ 15.6 ಮಿ.ಮೀ. ಇವುಗಳಿಂದ ಹೊರಗೆ ನಿಲ್ಲುವುದು .410 ಒಂದೇ. ಅದು ಬೋರ್ ಸಂಖ್ಯೆಯಲ್ಲ, ಇಂಚಿನಲ್ಲಿ ಹೇಳಿದ ವ್ಯಾಸ, ಅಂದರೆ 10.4 ಮಿ.ಮೀ.

12ಕ್ಕೂ 10ಕ್ಕೂ ಇರುವ ಅಂತರ 1.2 ಮಿ.ಮೀ. ನಳಿಗೆಯ ಬಾಯಿಯ ವಿಸ್ತೀರ್ಣ ಸುಮಾರು ಶೇ 13ರಷ್ಟು ಹೆಚ್ಚು, ಅಷ್ಟೇ. ಈ ಶೇ 13ಕ್ಕಾಗಿ ಹೊರಬೇಕಾದ ಕೋವಿಯ ತೂಕ ಮಾತ್ರ ಶೇ 50ರಷ್ಟು ಏರುತ್ತದೆ. ಸಾಮಾನ್ಯ 12 ಬೋರ್ ಪಂಪ್ ಕೋವಿ (ಪ್ರತಿ ಈಡಿಗೂ ಮುಂಗೈಹಿಡಿ ಎಳೆದು ತೋಟೆ ತುಂಬುವಂಥದ್ದು) 3.2 ಕೆ.ಜಿ. ಆಸುಪಾಸಿನಲ್ಲಿದ್ದರೆ, ಮುಂದಿನ ತೋಟೆಯನ್ನು ತಾನೇ ಎತ್ತಿಕೊಳ್ಳುವ ಸ್ವಯಂಚಾಲಿತ 10 ಬೋರ್ 4.8ರಿಂದ 5 ಕೆ.ಜಿ. ತೂಗುತ್ತದೆ.

ತೋಟೆಯ ಒಳಗೆ ಏನಿದೆ

ಹೋಲಿಕೆ ನಡೆಯಬೇಕಾದದ್ದು ತೋಟೆಯೊಳಗೆ, ನಳಿಗೆಯ ಬಾಯಲ್ಲಲ್ಲ. ರಕ್ಷಣೆಗೆ ಹೆಚ್ಚು ಬಳಕೆಯಲ್ಲಿರುವುದು 00 ಬಕ್‌ಶಾಟ್ ಎಂಬ ದಪ್ಪ ಚರೆ. ಒಂದೊಂದು ಚರೆ 8.4 ಮಿ.ಮೀ. ದಪ್ಪ, 3.5 ಗ್ರಾಂ ತೂಕ. ಬ್ರಿಟಿಷ್ ಅಳತೆಯಲ್ಲಿ ಎಸ್‌ಜಿ ಎನ್ನುವ ಚರೆಯೂ ಇದೇ ಗಾತ್ರದ್ದು. 12 ಬೋರಿನ 70 ಮಿ.ಮೀ. ತೋಟೆಯಲ್ಲಿ ಇಂಥವು 8 ಅಥವಾ 9 ಇರುತ್ತವೆ. 10 ಬೋರಿನ 89 ಮಿ.ಮೀ. ತೋಟೆಯಲ್ಲಿ 18. ಇದನ್ನು ನೋಡಿಯೇ ಹೆಚ್ಚಿನವರು ಮರುಳಾಗುವುದು: ಒಂದೇ ಈಡಿಗೆ ಎರಡು ಪಟ್ಟು!

ಈಗ ವೇಗ ನೋಡಿ. 12 ಬೋರಿನ ಒಂಬತ್ತು ಚರೆಯ ಪೂರ್ಣ ಬಲದ ತೋಟೆ ಸೆಕೆಂಡಿಗೆ ಸುಮಾರು 404 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಬೋರಿನ ಹದಿನೆಂಟರದ್ದು ಸುಮಾರು 335 ಮೀಟರ್. ಚರೆ ಒಂದೇ, ವೇಗ ಕಡಿಮೆ. ಶಕ್ತಿಯಲ್ಲಿ ಹೇಳುವುದಾದರೆ 12ರ ಪ್ರತಿ ಚರೆಗೆ 286 ಜೂಲ್, 10ರ ಪ್ರತಿ ಚರೆಗೆ 196 ಜೂಲ್. ಒಟ್ಟು ಕೂಡಿದರೆ 10 ಬೋರ್ ಮುಂದಿದೆ, ಸುಮಾರು 3,530 ಜೂಲ್‌ಗೆ ಎದುರು 2,570. ಆದರೆ ಮೈಯೊಳಗೆ ಎಷ್ಟು ಆಳಕ್ಕೆ ಇಳಿಯಿತು ಎಂಬುದನ್ನು ತೀರ್ಮಾನಿಸುವುದು ಒಂದೊಂದು ಚರೆಯ ತೂಕ ಮತ್ತು ವೇಗ. ಪಕ್ಕದ ಚರೆ ತನ್ನ ಬಲವನ್ನು ಇದಕ್ಕೆ ಸಾಲ ಕೊಡುವುದಿಲ್ಲ. ಮೈಮಾಂಸಕ್ಕೆ ಬದಲಾಗಿ ಬಳಸುವ ಪರೀಕ್ಷೆಯ ಜೆಲ್ಲಿಯಲ್ಲಿ ಕನಿಷ್ಠ 30 ಸೆಂ.ಮೀ. ಆಳ ಬೇಕೆಂಬುದು ಎಫ್‌ಬಿಐ ಬಳಸುವ ಅಳತೆ. 12 ಬೋರಿನ 00 ಚರೆ ಅದನ್ನು ಆರಾಮಾಗಿ ದಾಟುತ್ತದೆ. ದಾಟಿದ ಮೇಲೆ ಹೆಚ್ಚುವರಿ ಒಂಬತ್ತು ಚರೆ ಮಾಡುವ ಕೆಲಸ ಬಹಳ ಉಳಿದಿರುವುದಿಲ್ಲ.

ಚರೆಗಳು ತೋಟೆಯಲ್ಲಿ ಹೇಗೆ ಕೂರುತ್ತವೆ ಎಂಬುದೂ ನೋಡತಕ್ಕದ್ದೇ. 8.4 ಮಿ.ಮೀ.ಯ ಮೂರು ಚರೆಗಳನ್ನು ಒಂದು ಸುತ್ತಿನಲ್ಲಿ ಒತ್ತಾಗಿ ಇಟ್ಟರೆ ಅವಕ್ಕೆ 18.1 ಮಿ.ಮೀ. ಅಗಲ ಬೇಕು. 12 ಬೋರಿನ 18.5ರಲ್ಲಿ ಹೆಚ್ಚುಕಮ್ಮಿ ಅಳೆದು ಮಾಡಿದಂತೆ ಕೂರುತ್ತವೆ: ಮೂರರ ಮೂರು ಪದರ, ಒಂಬತ್ತು ಚರೆ. ನಾಲ್ಕನ್ನು ಒಂದೇ ಪದರದಲ್ಲಿ ಇಡಲು 20.2 ಮಿ.ಮೀ. ಬೇಕು. 10 ಬೋರಿನ 19.7ಕ್ಕೆ ಅದು ಹಿಡಿಸುವುದಿಲ್ಲ, ಅರ್ಧ ಮಿ.ಮೀ. ಕೊರತೆ. ಹಾಗಾಗಿ 10 ಬೋರಿನಲ್ಲೂ ಪದರಕ್ಕೆ ಮೂರೇ, ಸುತ್ತ ಒಂದಿಷ್ಟು ಸಡಿಲ. ಹದಿನೆಂಟು ಚರೆ ತುಂಬಬೇಕಾದರೆ ಕಂಬ ಎತ್ತರಕ್ಕೆ ಬೆಳೆಯುತ್ತದೆ. ಈಡು ಹಾರಿದಾಗ ಮೇಲಿನ ಪದರಗಳ ಭಾರವೆಲ್ಲ ಕೆಳಗಿನ ಸೀಸದ ಚರೆಗಳ ಮೇಲೆ ಬಿದ್ದು ಅವು ಚಪ್ಪಟೆಯಾಗುತ್ತವೆ. ಚಪ್ಪಟೆಯಾದದ್ದು ನೆಟ್ಟಗೆ ಹೋಗುವುದಿಲ್ಲ. ಚರೆಯ ಸುತ್ತ ಪ್ಲಾಸ್ಟಿಕ್ ಪುಡಿ ತುಂಬುವುದು, ಚರೆಗೆ ತಾಮ್ರದ ಲೇಪ ಕೊಡುವುದು ಇದನ್ನು ತಡೆಯಲಿಕ್ಕೇ.

ಇನ್ನೊಂದು ತೊಡಕು ಅಂಗಡಿಯಲ್ಲಿ ಎದುರಾಗುತ್ತದೆ. 10 ಬೋರ್ ಇವತ್ತಿಗೂ ಬದುಕಿರುವುದು ನೀರುಹಕ್ಕಿ ಬೇಟೆಯಿಂದ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ದೇಶಾದ್ಯಂತ ನಿಷಿದ್ಧ. ಸೀಸಕ್ಕಿಂತ ಹಗುರವಾದ ಉಕ್ಕಿನ ದಪ್ಪ ಚರೆ ಬಳಸುವವರಿಗೆ ಜಾಗ ಹೆಚ್ಚಿರುವ ದೊಡ್ಡ ತೋಟೆ ಬೇಕಾಯಿತು. ಆದ್ದರಿಂದ 10 ಬೋರಿನಲ್ಲಿ ಸುಲಭವಾಗಿ ಸಿಗುವುದು ಉಕ್ಕಿನ ಬಿಬಿ, 2ನೇ ನಂಬರಿನಂಥ ಹಕ್ಕಿ ಚರೆ. ಬಕ್‌ಶಾಟ್ ಒಂದೆರಡು ಬಗೆಯಷ್ಟೇ, ಅದೂ ಹುಡುಕಿದರೆ. ಒದೆತ ತಗ್ಗಿಸಿದ, ಚರೆ ಗುಂಪಾಗಿ ಹಿಡಿದಿಡುವ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಪ್ಲಾಸ್ಟಿಕ್ ಬಟ್ಟಲು) ಇರುವ ರಕ್ಷಣೆಯ ತೋಟೆಗಳ ಸುಧಾರಣೆಯೆಲ್ಲ ನಡೆದಿರುವುದು 12 ಬೋರಿನಲ್ಲಿ.

ಒದೆತದ ಲೆಕ್ಕ

ಒದೆತವನ್ನು ಭುಜಕ್ಕೆ ಕೇಳಿ ತಿಳಿಯುವುದು ಒಂದು ದಾರಿ, ಲೆಕ್ಕ ಹಾಕಿ ತಿಳಿಯುವುದು ಇನ್ನೊಂದು. ಕೋವಿಯಿಂದ ಹೊರಟ ಒಟ್ಟು ತೂಕವನ್ನು ವೇಗದಿಂದ ಗುಣಿಸಿ, ಕೋವಿಯ ತೂಕದಿಂದ ಭಾಗಿಸಿದರೆ ಕೋವಿ ಹಿಂದಕ್ಕೆ ಬರುವ ವೇಗ ಸಿಗುತ್ತದೆ. 12 ಬೋರಿನ ಒಂಬತ್ತು ಚರೆಯ ತೋಟೆಯಲ್ಲಿ ಚರೆ 31.5 ಗ್ರಾಂ, ವ್ಯಾಡ್ 3 ಗ್ರಾಂ, ಮದ್ದಿನ ಅನಿಲದ ಪಾಲು ಇನ್ನೊಂದು 3 ಗ್ರಾಂ ಎಂದಿಟ್ಟುಕೊಳ್ಳಿ. 37.5 ಗ್ರಾಂ, 404 ಮೀಟರ್ ವೇಗ, 3.2 ಕೆ.ಜಿ. ಕೋವಿ: ಬಟ್ (ಕೋವಿಯ ಹಿಂಭಾಗದ ಹಿಡಿ) ಸೆಕೆಂಡಿಗೆ 4.7 ಮೀಟರ್ ವೇಗದಲ್ಲಿ ಭುಜಕ್ಕೆ ಬರುತ್ತದೆ, ಶಕ್ತಿ ಸುಮಾರು 36 ಜೂಲ್.

ಇದೇ ಲೆಕ್ಕವನ್ನು ಉಳಿದವಕ್ಕೆ ಹಾಕಿದರೆ ಚಿತ್ರ ಬಿಚ್ಚಿಕೊಳ್ಳುತ್ತದೆ. 12 ಬೋರಿನ ಒದೆತ ತಗ್ಗಿಸಿದ ಎಂಟು ಚರೆಯ ತೋಟೆ, 350 ಮೀಟರ್ ವೇಗ: 21 ಜೂಲ್. 20 ಬೋರಿನ 2.9 ಕೆ.ಜಿ. ಕೋವಿಯಲ್ಲಿ 3ನೇ ನಂಬರ್ ಬಕ್‌ಶಾಟ್: 29 ಜೂಲ್. 4.8 ಕೆ.ಜಿ.ಯ 10 ಬೋರಿನಲ್ಲಿ ಹದಿನೆಂಟು ಚರೆ: 59 ಜೂಲ್. ಅದೇ ಹದಿನೆಂಟು ಚರೆಯನ್ನು 12 ಬೋರಿನ 89 ಮಿ.ಮೀ. ತೋಟೆಯಲ್ಲಿ ತುಂಬಿ 3.2 ಕೆ.ಜಿ. ಕೋವಿಯಿಂದ ಹಾರಿಸಿದರೆ 88 ಜೂಲ್. ಅನಿಲದಿಂದ ನಡೆಯುವ ಸ್ವಯಂಚಾಲಿತ ಕೋವಿಗಳಲ್ಲಿ ಈ ಏಟು ಸ್ವಲ್ಪ ಹೆಚ್ಚು ಹೊತ್ತಿಗೆ ಹಂಚಿಹೋಗಿ ಮೆತ್ತಗೆ ಅನ್ನಿಸುತ್ತದೆ, ಆದರೆ ಮಾಯವಾಗುವುದಿಲ್ಲ.

ಅಂದರೆ 10 ಬೋರಿನ ಒಂದು ಈಡಿನ ಒದೆತ, ತಗ್ಗಿಸಿದ 12 ಬೋರಿನ ಎರಡೂಮುಕ್ಕಾಲು ಈಡಿಗೆ ಸಮ. ನೋವು ಇಲ್ಲಿ ದೊಡ್ಡ ವಿಷಯವಲ್ಲ, ಜೀವ ಹೋಗುವ ಹೊತ್ತಿನಲ್ಲಿ ಯಾರಿಗೂ ಭುಜದ ಚಿಂತೆ ಇರುವುದಿಲ್ಲ. ತೊಂದರೆ ಎರಡು ಕಡೆ ಇದೆ. ಮೊದಲನೆಯದು, ಎದ್ದ ನಳಿಗೆ ಮತ್ತೆ ಗುರಿಗೆ ಇಳಿಯುವವರೆಗಿನ ಸಮಯ. ಎರಡನೆಯದು ಅಭ್ಯಾಸ. ಒದೆಯುವ ಕೋವಿಯಲ್ಲಿ ಯಾರೂ ದಿನಕ್ಕೆ ಐವತ್ತು ಈಡು ಹಾರಿಸುವುದಿಲ್ಲ. ಐದು ಹಾರಿಸಿ ಒರೆಸಿ ಇಡುತ್ತಾರೆ. ಆ ಐದರಲ್ಲೇ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಬೆಚ್ಚುವ ಚಾಳಿ ಅಂಟಿಕೊಳ್ಳುತ್ತದೆ.

ಈ ಚಾಳಿ ಎಷ್ಟು ಗಟ್ಟಿ ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. 1870ರ ದಶಕದಲ್ಲಿ ಆಫ್ರಿಕದಲ್ಲಿ ಆನೆ ಬೇಟೆಯಾಡಿದ ಫ್ರೆಡರಿಕ್ ಸೆಲೂಸ್ ಮೊದಮೊದಲು 4 ಬೋರಿನ ಬಾಯಿಮದ್ದಿನ ಕೋವಿಗಳನ್ನು ಬಳಸುತ್ತಿದ್ದ. ಅವು ಆನೆಯನ್ನು ಕೆಡವುತ್ತಿದ್ದವು. ಆದರೆ ಅವುಗಳ ಒದೆತ ತನ್ನ ನರಗಳಿಗೆ ಎಂಥ ಪೆಟ್ಟು ಕೊಟ್ಟಿತೆಂದರೆ ಮುಂದೆಂದಿಗೂ ತನ್ನ ಗುರಿ ಮೊದಲಿನಂತಾಗಲಿಲ್ಲ, ಅವುಗಳ ಸಹವಾಸ ಮಾಡಿದ್ದಕ್ಕೆ ವಿಷಾದವಿದೆ ಎಂದು ಅವನೇ ಬರೆದಿಟ್ಟಿದ್ದಾನೆ. ಆನೆಯ ಎದುರು ನಿಂತು ಬದುಕಿ ಬಂದವನ ಮಾತಿದು.

10 ಬೋರನ್ನು ಯಾರೂ ಪ್ರಯತ್ನಿಸಲಿಲ್ಲವೆ?

ಪ್ರಯತ್ನಿಸಿದ್ದಾರೆ. 19ನೇ ಶತಮಾನದ ಅಮೆರಿಕದಲ್ಲಿ ಕುದುರೆ ಬಂಡಿಗಳ ಕಾವಲುಗಾರರು ಗಿಡ್ಡ ನಳಿಗೆಯ ಜೋಡುನಳಿಗೆ ಕೋವಿ ಹಿಡಿಯುತ್ತಿದ್ದರು, ಅದರಲ್ಲಿ 10 ಬೋರ್ ಸಾಮಾನ್ಯವಾಗಿತ್ತು. ಆದರೆ ಅದು ಕರಿಮದ್ದಿನ ಕಾಲ, ತೋಟೆ 73 ಮಿ.ಮೀ. ಉದ್ದದ್ದು. ಇವತ್ತಿನ 89 ಮಿ.ಮೀ. ಮ್ಯಾಗ್ನಮ್ (ಹೆಚ್ಚು ಬಲದ ತೋಟೆ) ಬಂದದ್ದು 1932ರಲ್ಲಿ. ಹೆಸರು ಒಂದೇ ಎಂದು ಆ ಕಾವಲುಗಾರನ ಕೋವಿಯನ್ನೂ ಈ ಕೋವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆಮೇಲಿನ ಗಂಭೀರ ಪ್ರಯತ್ನವೆಂದರೆ ಇಥಾಕಾ ಕಂಪನಿಯ ಮ್ಯಾಗ್-10 ಸ್ವಯಂಚಾಲಿತ ಕೋವಿಯ ‘ರೋಡ್‌ಬ್ಲಾಕರ್’ ಮಾದರಿ. ಪೊಲೀಸರಿಗೆಂದು ನಳಿಗೆಯನ್ನು 56 ಸೆಂ.ಮೀ.ಗೆ ಇಳಿಸಿ ಮಾರಿದರು. ಹೆಸರೇ ಹೇಳುವಂತೆ ರಸ್ತೆಯಲ್ಲಿ ಬರುವ ವಾಹನ ತಡೆಯುವ ಕಲ್ಪನೆ. ಕೋವಿ ಸುಮಾರು 5 ಕೆ.ಜಿ., ಒಳಗೆ ಹಿಡಿಸುವುದು ಒಟ್ಟು ಮೂರು ತೋಟೆ. ಅದೇ ಕಾಲದ ಪೊಲೀಸ್ ಗಾಡಿಗಳಲ್ಲಿದ್ದ 12 ಬೋರ್ ಪಂಪ್ ಕೋವಿ ಐದರಿಂದ ಏಳು ತೋಟೆ ಹಿಡಿಯುತ್ತಿತ್ತು, ಕೈಯಲ್ಲಿ ಹಗುರ. ರೋಡ್‌ಬ್ಲಾಕರ್ ಎಲ್ಲೂ ಬೇರೂರಲಿಲ್ಲ.

ಕೋವಿಯ ಉದ್ದವೂ ಅಡ್ಡ ಬರುತ್ತದೆ. ಹೆಬ್ಬಾತಿನ ಕೋವಿಗೆ 66ರಿಂದ 71 ಸೆಂ.ಮೀ. ನಳಿಗೆ ಇರುವುದು ವಾಡಿಕೆ. ಓಣಿಯಂಥ ನಡುಮನೆಯಲ್ಲಿ, ಬಾಗಿಲ ಸಂದಿಯಲ್ಲಿ ಇದನ್ನು ತಿರುಗಿಸುವಷ್ಟರಲ್ಲಿ ನಳಿಗೆಯ ತುದಿ ಎಲ್ಲರಿಗಿಂತ ಮೊದಲು ಮೂಲೆ ದಾಟಿರುತ್ತದೆ. ಒಂದು ಕೈಯಲ್ಲಿ ಬಾಗಿಲು ತೆರೆಯುವುದೋ, ಮಗುವನ್ನು ಎತ್ತಿಕೊಳ್ಳುವುದೋ, ಫೋನ್ ಹಿಡಿಯುವುದೋ ಇದ್ದರೆ ಇನ್ನೊಂದೇ ಕೈಯಲ್ಲಿ 5 ಕೆ.ಜಿ. ಎಷ್ಟು ಹೊತ್ತು ನೆಟ್ಟಗೆ ನಿಂತೀತು? ಖಾಲಿ ಕೋವಿಯನ್ನು ಒಂದು ನಿಮಿಷ ಹಿಡಿದು ನೋಡಿದರೆ ಉತ್ತರ ಸಿಗುತ್ತದೆ.

8 ಬೋರ್, 4 ಬೋರ್, 23 ಮಿ.ಮೀ.

ಇವನ್ನು ಹೋಲಿಕೆಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಿಲ್ಲ. 8 ಬೋರ್ ಇಂದು ಹೆಚ್ಚಾಗಿ ಕೆಲಸ ಮಾಡುವುದು ಸಿಮೆಂಟ್ ಕಾರ್ಖಾನೆಗಳಲ್ಲಿ. ಉರಿಯುವ ಗೂಡಿನ ಒಳಗೋಡೆಗೆ ಕಟ್ಟಿಕೊಂಡ ಗಟ್ಟಿ ಪದರವನ್ನು ಒಡೆಯಲು ಸುಮಾರು 85 ಗ್ರಾಂ ತೂಕದ ಒಂಟಿ ಗುಂಡು ಹೊಡೆಯುತ್ತಾರೆ, ಕೋವಿಯನ್ನು ಭುಜಕ್ಕಿಟ್ಟಲ್ಲ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು. ಅಮೆರಿಕದಲ್ಲಿ ವಲಸೆ ಹಕ್ಕಿಗಳ ಬೇಟೆಗೆ 10ಕ್ಕಿಂತ ದೊಡ್ಡ ಬೋರ್ ಬಳಸುವಂತಿಲ್ಲ. ಬೇರೆ ಹಲವು ದೇಶಗಳ ಪರವಾನಗಿ ನಿಯಮಗಳೂ ದೊಡ್ಡ ಬೋರುಗಳನ್ನು ಬೇರೆಯೇ ಸಾಲಿಗೆ ಸೇರಿಸುತ್ತವೆ, ಆದ್ದರಿಂದ ಕೊಳ್ಳುವ ಮಾತಿಗೆ ಮೊದಲು ಅದನ್ನು ನೋಡಿಕೊಳ್ಳಬೇಕು.

ಮನುಷ್ಯರ ಎದುರು ನಿಜಕ್ಕೂ ಬಳಕೆಗೆ ಬಂದ ದೊಡ್ಡ ಬೋರಿಗೆ ಒಂದು ಉದಾಹರಣೆ ಸೋವಿಯತ್ ಒಕ್ಕೂಟದ ಕೆಎಸ್-23. ವಿಮಾನಗಳನ್ನು ಹೊಡೆಯುವ 23 ಮಿ.ಮೀ. ಫಿರಂಗಿಗೆ ಮಾಡಿ, ಪರೀಕ್ಷೆಯಲ್ಲಿ ತಿರಸ್ಕೃತವಾದ ನಳಿಗೆಗಳನ್ನು ಕತ್ತರಿಸಿ ಮಾಡಿದ ಪಂಪ್ ಕೋವಿ ಇದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಮೂರು ತೋಟೆ, ಚೇಂಬರಿನಲ್ಲಿ (ಹಾರಿಸುವ ತೋಟೆ ಕೂರುವ ನಳಿಗೆಯ ಹಿಂತುದಿಯಲ್ಲಿ) ಒಂದು. ಜೈಲು ದಂಗೆಗಳನ್ನು ಅಡಗಿಸಲು, ಅಶ್ರುವಾಯು ಎಸೆಯಲು, ರಬ್ಬರ್ ಗುಂಡು ಹೊಡೆಯಲು, ಗಾಡಿಯ ಎಂಜಿನ್ ಒಡೆಯಲು ಅದನ್ನು ಹುಟ್ಟಿಸಿದ್ದು. ಅಂದರೆ ದೊಡ್ಡ ಬಾಯಿಯ ಉಪಯೋಗ ಅದರೊಳಗೆ ಇಡಬಹುದಾದ ವಿಶೇಷ ಸರಕಿನಲ್ಲಿ ಇತ್ತು. ಮನೆ ಕಾಯುವವನಿಗೆ ಆ ಸರಕೂ ಬೇಡ, ಅದರ ಹಿಂದೆ ನಿಲ್ಲುವ ಹತ್ತು ಜನರ ತಂಡವೂ ಅವನಲ್ಲಿಲ್ಲ.

12ರಲ್ಲೇ 89 ಮಿ.ಮೀ. ತೆಗೆದುಕೊಂಡರೆ?

10 ಬೋರ್ ಬೇಡವೆಂದು ಒಪ್ಪಿದವರು ಹಿಡಿಯುವ ಮುಂದಿನ ಹಾದಿ ಇದು. 1988ರಲ್ಲಿ ಬಂದ ಈ ತೋಟೆ 10 ಬೋರಿನ ಕೆಲಸವನ್ನು 12 ಬೋರಿನ ಕೋವಿಯಲ್ಲಿ ಮಾಡಿಸಲೆಂದೇ ಹುಟ್ಟಿತು. ಸಾಮಾನ್ಯ 12 ಬೋರಿನ ಒತ್ತಡದ ಮಿತಿ 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಗಿದ್ದರೆ ಇದರದ್ದು 14,000. 10 ಬೋರಿನದು ಇನ್ನೂ ಕಡಿಮೆ, 11,000. ಹಗುರ ಕೋವಿಯಲ್ಲಿ 88 ಜೂಲ್ ಒದೆತದ ಕಥೆ ಮೇಲೆಯೇ ಆಯಿತು.

ಅದಕ್ಕಿಂತ ಕಿರಿಕಿರಿಯ ದೋಷ ಯಂತ್ರದಲ್ಲಿದೆ. 89 ಮಿ.ಮೀ. ತೋಟೆಗೆ ಮಾಡಿದ ಪಂಪ್ ಕೋವಿಯ ಮುಂಗೈಹಿಡಿಯನ್ನು ಹೆಚ್ಚು ದೂರ ಎಳೆಯಬೇಕು. ಚಿಕ್ಕ ತೋಳಿನವರು, ಗಾಬರಿಯಲ್ಲಿದ್ದವರು ಪೂರ್ತಿ ಎಳೆಯದೆ ಮುಂದೂಡುತ್ತಾರೆ. ಆಗ ಖಾಲಿ ತೋಟೆ ಹೊರಗೆ ಬೀಳದೆ ಸಿಕ್ಕಿಕೊಳ್ಳಬಹುದು, ಇಲ್ಲವೆ ಹೊಸ ತೋಟೆ ಮೇಲೇಳದೆ ಖಾಲಿ ಚೇಂಬರಿನ ಮೇಲೆ ಟಕ್ ಎನ್ನುವ ಸದ್ದಷ್ಟೇ ಕೇಳಬಹುದು. ಸ್ವಯಂಚಾಲಿತ ಕೋವಿಯಲ್ಲಿ ಇದರ ತಿರುವುಮುರುವು: ಭಾರಿ ತೋಟೆಗೆ ಹೊಂದಿಸಿದ ಯಂತ್ರ ಒದೆತ ತಗ್ಗಿಸಿದ ತೋಟೆಯನ್ನು ಹಾರಿಸುತ್ತದೆ, ಆದರೆ ಮುಂದಿನದನ್ನು ಎತ್ತಿಕೊಳ್ಳಲು ಅದಕ್ಕೆ ಬಲ ಸಾಲದೆ ಹೋಗಬಹುದು. ಬೇಟೆಗೂ ಬೇಕು, ಮನೆಗೂ ಬೇಕು ಎಂದು 89 ಮಿ.ಮೀ. ಚೇಂಬರಿನ ಕೋವಿ ಕೊಂಡರೆ ತಪ್ಪೇನಿಲ್ಲ. ಮನೆಯಲ್ಲಿ ಅದಕ್ಕೆ 70 ಮಿ.ಮೀ. ತೋಟೆಯನ್ನೇ ತುಂಬಿ, ಆ ತೋಟೆಯಲ್ಲಿ ಅದು ತಪ್ಪದೆ ನಡೆಯುತ್ತದೆಂದು ಖಚಿತಪಡಿಸಿಕೊಳ್ಳಿ.

ಚೇಂಬರಿನ ಉದ್ದದ ಬಗ್ಗೆ ಒಂದು ಎಚ್ಚರಿಕೆ. ತೋಟೆಯ ಮೇಲೆ ಬರೆದ ಉದ್ದ ಹಾರಿದ ನಂತರ ಬಾಯಿ ಬಿಚ್ಚಿಕೊಂಡ ಉದ್ದ. ಮಡಚಿದ ಬಾಯಿಯ 70 ಮಿ.ಮೀ. ತೋಟೆ ಕೈಯಲ್ಲಿ ಸುಮಾರು 60 ಮಿ.ಮೀ. ಮಾತ್ರ ಇರುತ್ತದೆ. ಹಾಗಾಗಿ 76 ಮಿ.ಮೀ. ತೋಟೆ 70ರ ಚೇಂಬರಿನೊಳಗೆ ಸಲೀಸಾಗಿ ಕೂತುಬಿಡುತ್ತದೆ. ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ‘ಕೂತಿತಲ್ಲ, ಸರಿಯಿದೆ’ ಎಂಬುದು ಇಲ್ಲಿ ನಡೆಯದ ಮಾತು. ನಳಿಗೆಯ ಮೇಲೆ ಕೆತ್ತಿದ ಅಂಕಿ ಓದಬೇಕು.

20 ಬೋರ್ ಮತ್ತು .410

20 ಬೋರನ್ನು ಹೆಂಗಸರ, ಮಕ್ಕಳ ಕೋವಿ ಎಂದು ತಳ್ಳಿಹಾಕುವವರು ತೋಟೆಯನ್ನು ಬಿಚ್ಚಿ ನೋಡಿಲ್ಲ. ಅದರ 70 ಮಿ.ಮೀ. ತೋಟೆಯಲ್ಲಿ 3ನೇ ನಂಬರ್ ಬಕ್‌ಶಾಟ್ 20 ಇರುತ್ತವೆ, ಒಂದೊಂದು 6.4 ಮಿ.ಮೀ., 1.5 ಗ್ರಾಂ. ಒಟ್ಟು 30 ಗ್ರಾಂ, ಅಂದರೆ 12 ಬೋರಿನ ಒಂಬತ್ತು ಚರೆಗಿಂತ ಕೂದಲೆಳೆಯಷ್ಟು ಕಡಿಮೆ. ಚರೆ ಹಗುರವಾದ್ದರಿಂದ ಆಳ 00ಯಷ್ಟು ಬರುವುದಿಲ್ಲ, ದಪ್ಪ ಬಟ್ಟೆ ಅಥವಾ ಅಡ್ಡ ಬಂದ ತೋಳು ದಾಟಿ ಹೋಗಬೇಕಾದಾಗ ಕಷ್ಟಪಡುತ್ತದೆ. ಮನೆಯ ದೂರಕ್ಕೆ ಮಾತ್ರ ಸಾಕು. ಕೋವಿ ಹಗುರ, ಬಟ್ ಗಿಡ್ಡದು ಸಿಗುತ್ತದೆ. ಆದರೆ ಒದೆತ ತಗ್ಗಿಸಿದ 12ರ 21 ಜೂಲ್‌ಗೆ ಎದುರು 20ರ ಪೂರ್ಣ ತೋಟೆಯದು 29 ಜೂಲ್ ಎಂಬುದನ್ನು ಮರೆಯಬೇಡಿ. ಬರೀ ಒದೆತಕ್ಕೆ ಹೆದರಿ 20ಕ್ಕೆ ಇಳಿಯುವುದಾದರೆ ಮೊದಲು 12ರ ತೋಟೆ ಬದಲಿಸಿ ನೋಡುವುದು ಲೇಸು. ಕೋವಿಯ ತೂಕವೇ ಹೊರಲಾಗದಿದ್ದರೆ ಆಗ 20.

ಒಂದೇ ಮನೆಯಲ್ಲಿ 12 ಮತ್ತು 20 ಎರಡನ್ನೂ ಇಟ್ಟುಕೊಳ್ಳುವವರು ತೋಟೆಗಳನ್ನು ಒಂದೇ ಡಬ್ಬಿಯಲ್ಲಿ ಹಾಕಬಾರದು. 20ರ ತೋಟೆ 12ರ ಚೇಂಬರಿಗೆ ಹಾಕಿದರೆ ಜಾರಿ ಮುಂದೆ ಹೋಗಿ ನಳಿಗೆಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ಅದರ ಹಿಂದೆ 12ರ ತೋಟೆ ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ, ಸಿಡಿಯುವುದು ಎಡಗೈ ಇರುವ ಜಾಗದಲ್ಲೇ. 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕಾಗಿ.

.410ರ ಬಗ್ಗೆ ಹೆಚ್ಚು ಹೇಳಲು ಇಲ್ಲ. 000 ಬಕ್‌ಶಾಟ್ ಮೂರರಿಂದ ಐದು ಚರೆ ಹಿಡಿಸುತ್ತದೆ. ಒದೆತ ನಗಣ್ಯ. ಬೇರೇನನ್ನೂ ಹಿಡಿಯಲಾಗದವರಿಗೆ ಇದು ಇಲ್ಲದಿರುವುದಕ್ಕಿಂತ ಮೇಲು.

ತಪ್ಪಿದ ಚರೆ ಎಲ್ಲಿ ಹೋಗುತ್ತದೆ

ದೊಡ್ಡ ಬೋರಿನ ಕೋವಿಗೆ ಗುರಿಯೇ ಬೇಡ, ಆ ಕಡೆ ತಿರುಗಿಸಿದರೆ ಸಾಕು ಎಂಬ ನಂಬಿಕೆ ಎಲ್ಲಕ್ಕಿಂತ ಅಪಾಯಕಾರಿ. ಚೋಕ್ (ಚರೆ ಬೇಗ ಹರಡದಂತೆ ನಳಿಗೆಯ ತುದಿಯನ್ನು ಕಿರಿದು ಮಾಡಿದ ಭಾಗ) ಇಲ್ಲದ ನಳಿಗೆಯಲ್ಲಿ ಮಾಮೂಲಿ ಬಕ್‌ಶಾಟ್ ಸುಮಾರು ಒಂದು ಗಜಕ್ಕೆ ಒಂದು ಇಂಚಿನಂತೆ ಹರಡುತ್ತದೆ. 5 ಮೀಟರಿನಲ್ಲಿ ಹರಡಿಕೆ 14 ಸೆಂ.ಮೀ., ಒಂದು ಅಂಗೈಯಗಲಕ್ಕಿಂತ ತುಸು ಹೆಚ್ಚು. ಗುರಿ ಒಂದು ಗೇಣು ತಪ್ಪಿದರೆ ಒಂಬತ್ತಾಗಲಿ ಹದಿನೆಂಟಾಗಲಿ ಎಲ್ಲವೂ ತಪ್ಪುತ್ತವೆ. 15 ಮೀಟರಿನಲ್ಲಿ ಹರಡಿಕೆ 40 ಸೆಂ.ಮೀ. ದಾಟಿ, ಕೆಲವು ಚರೆಗಳು ಮನುಷ್ಯನ ಪಕ್ಕದಿಂದ ಹೋಗತೊಡಗುತ್ತವೆ.

ಹೋದ ಚರೆ ಎಲ್ಲೋ ನಿಲ್ಲಬೇಕಲ್ಲ. 00 ಚರೆ ಜಿಪ್ಸಮ್ ಹಲಗೆಯ ಒಳಗೋಡೆಗಳನ್ನು ಒಂದರ ಹಿಂದೊಂದು ದಾಟಿಕೊಂಡು ಹೋಗುತ್ತದೆ. ತೆಳು ಮರದ ಬಾಗಿಲು ಲೆಕ್ಕಕ್ಕೇ ಇಲ್ಲ. ಗುರಿ ತಪ್ಪಿದ ಪ್ರತಿ ಚರೆಗೂ ಹಾರಿಸಿದವನೇ ಹೊಣೆ, ಆದ್ದರಿಂದ ಹದಿನೆಂಟು ಚರೆ ಎಂದರೆ ಹದಿನೆಂಟು ಹೊಣೆ. ಬಳಕೆ ಬಲ್ಲವರು ಒಂಬತ್ತರ ಬದಲು ಎಂಟು ಚರೆಯ ತೋಟೆ ಆರಿಸುವುದಕ್ಕೂ ಇದೇ ಕಾರಣ: ಒಂಬತ್ತರ ತೋಟೆಗಳಲ್ಲಿ ಒಂದು ಚರೆ ಆಗಾಗ ಗುಂಪು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಹಕ್ಕಿ ಚರೆ ಹಾಕಿದರೆ ಗೋಡೆ ದಾಟುವುದು ಕಡಿಮೆಯಾಗುತ್ತದೆ ನಿಜ, ಮೈಯೊಳಗೆ ಇಳಿಯುವುದೂ ಅಷ್ಟೇ ಕಡಿಮೆಯಾಗುತ್ತದೆ.

ಹಳೆಯ 10 ಬೋರ್ ಮನೆಯಲ್ಲೇ ಇದ್ದರೆ

ಹಿರಿಯರಿಂದ ಬಂದ ಜೋಡುನಳಿಗೆ 10 ಬೋರ್ ಇದ್ದರೆ ಅದಕ್ಕೆ ತೋಟೆ ಹುಡುಕುವ ಮುನ್ನ ಮೂರು ಸಂಗತಿ ನೋಡಬೇಕು. ನಳಿಗೆಯ ಮೈಮೇಲೆ ಬಳ್ಳಿ ಸುತ್ತಿದಂಥ, ನೀರಲೆಯಂಥ ಗೆರೆಗಳಿದ್ದರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ಬೆಸುಗೆಯ ಒಳಗೆ ತುಕ್ಕು ಹಿಡಿದಿದ್ದರೆ ಹೊರಗೆ ಕಾಣುವುದಿಲ್ಲ. ಅದರಲ್ಲಿ ಇಂದಿನ ಮ್ಯಾಗ್ನಮ್ ತೋಟೆ ಹಾರಿಸುವುದು ಆತ್ಮಹತ್ಯೆಗೆ ಸಮ. ಎರಡನೆಯದು, ಚೇಂಬರ್ 73 ಮಿ.ಮೀ.ಯದೋ 89ರದೋ ಎಂದು ಕೋವಿ ರಿಪೇರಿ ಬಲ್ಲವರಿಂದ ಅಳತೆಗೋಲು ಹಾಕಿಸಿ ತಿಳಿಯಬೇಕು. ಮೂರನೆಯದು ಚೋಕ್. ಹಳೆಯ ನಳಿಗೆಯ ಬಿಗಿ ಚೋಕಿನಲ್ಲಿ ಉಕ್ಕಿನ ಚರೆ ಹೊಡೆದರೆ ನಳಿಗೆಯ ತುದಿ ಉಬ್ಬುತ್ತದೆ, ಸೀಸ ಹಿಂಡಿಕೊಂಡು ಹೋಗುವ ಕಡೆ ಉಕ್ಕು ಹಿಂಡಿಕೊಳ್ಳುವುದಿಲ್ಲ. ಗಟ್ಟಿ ಉಕ್ಕಿನ ನಳಿಗೆ, 89 ಮಿ.ಮೀ. ಚೇಂಬರ್, ಬಕ್‌ಶಾಟ್ ಸಿಗುವ ದಾರಿ ಮೂರೂ ಇದ್ದು ಬೇರೆ ಕೋವಿ ಕೊಳ್ಳಲಾಗದಿದ್ದರೆ ಆ 10 ಬೋರ್ ಎರಡು ಈಡಿನ ಮಟ್ಟಿಗೆ ಕೆಲಸ ಮಾಡುತ್ತದೆ. ಮಡಚುವ 10 ಬೋರ್ ಕೋವಿಗೆ 12ರ ತೋಟೆ ಹಿಡಿಸಲು ಚೇಂಬರಿನೊಳಗೆ ಕೂರುವ ಅಡಾಪ್ಟರುಗಳೂ ಸಿಗುತ್ತವೆ. ಅದಿಲ್ಲದೆ 12ರ ತೋಟೆಯನ್ನು ನೇರ ತುರುಕಬಾರದು.

ದೊಡ್ಡ ಬೋರಿಗೆ ನಿಜವಾದ ಜಾಗ ಇರಬಹುದಾದದ್ದು ಕಾಡುಪ್ರಾಣಿಯ ಎದುರು. ಅಲ್ಲಿ ಒಂಟಿ ಗುಂಡು ಬೇಕು. ಆದರೂ ಅಂಕಿ ನೋಡಿ: 12 ಬೋರಿನ 28 ಗ್ರಾಂ ಗುಂಡು 488 ಮೀಟರ್ ವೇಗದಲ್ಲಿ ಸುಮಾರು 3,330 ಜೂಲ್, 10 ಬೋರಿನ 50 ಗ್ರಾಂ ಗುಂಡು 390 ಮೀಟರ್ ವೇಗದಲ್ಲಿ ಸುಮಾರು 3,800. ತೂಕದಲ್ಲಿ 10 ಬೋರಿನ ಗುಂಡು ಬಹಳ ಮುಂದಿದೆ, ಭಾರಿ ಪ್ರಾಣಿಗೆ ಅದು ಲಾಭವೇ. ಆದರೆ ಬೆಟ್ಟ ಹತ್ತುವಾಗ ಹೆಗಲಲ್ಲಿ ತೂಗುವ 5 ಕೆ.ಜಿ. ಕೋವಿಯನ್ನು ಮೂರನೇ ದಿನ ಡೇರೆಯಲ್ಲೇ ಬಿಟ್ಟು ಹೋಗುವವರೇ ಹೆಚ್ಚು.

ಕೊಳ್ಳುವ ಮುನ್ನ, ಕೊಂಡ ಮೇಲೆ

ಹೆಚ್ಚಿನವರಿಗೆ ಸರಿಹೊಂದುವುದು 46ರಿಂದ 51 ಸೆಂ.ಮೀ. ನಳಿಗೆಯ 12 ಬೋರ್, 70 ಮಿ.ಮೀ. ಎಂಟು ಚರೆಯ ಒದೆತ ತಗ್ಗಿಸಿದ ತೋಟೆ. ನಳಿಗೆಯ ಕನಿಷ್ಠ ಉದ್ದ ಎಷ್ಟಿರಬೇಕೆಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅದನ್ನು ಮೊದಲು ತಿಳಿದುಕೊಳ್ಳಿ, ಇದ್ದ ನಳಿಗೆಯನ್ನು ಗರಗಸದಿಂದ ಗಿಡ್ಡ ಮಾಡುವ ಯೋಚನೆ ಬೇಡವೇ ಬೇಡ. ಬಟ್ಟಿನ ಉದ್ದವನ್ನೂ ನೋಡಿ. ಬೇಟೆಯ ಕೋವಿಗಳಲ್ಲಿ ಟ್ರಿಗರಿನಿಂದ ಬಟ್ಟಿನ ತುದಿಗೆ ಸುಮಾರು 36 ಸೆಂ.ಮೀ. ಇರುತ್ತದೆ. ಎದುರಾಗಿ ನಿಂತು ಹಾರಿಸಲು 33 ಸೆಂ.ಮೀ. ಹಿತ, ಮುಂಗೈಹಿಡಿಯನ್ನು ಪೂರ್ತಿ ಎಳೆಯಲೂ ಸುಲಭ.

ಯಾವ ಬೋರ್ ಎಂದು ಇನ್ನೂ ಹೊಯ್ದಾಟವಿದ್ದರೆ ಶೂಟಿಂಗ್ ರೇಂಜಿನಲ್ಲಿ ಎರಡನ್ನೂ ಎರವಲು ಪಡೆದು ನೋಡಿ. 7 ಮೀಟರ್ ದೂರದಲ್ಲಿ ಎ4 ಕಾಗದ ಅಂಟಿಸಿ. ಕೋವಿ ಸೊಂಟದ ಮಟ್ಟದಲ್ಲಿರಲಿ, ಸಂಜ್ಞೆ ಕೇಳಿದ ಕೂಡಲೇ ಭುಜಕ್ಕೇರಿಸಿ ಎರಡು ಈಡು, ಎರಡೂ ಕಾಗದದೊಳಗೆ ಬೀಳಬೇಕು. ಎರಡು ಈಡುಗಳ ನಡುವಿನ ಸಮಯವನ್ನು ಗಡಿಯಾರದಲ್ಲಿ ಅಳೆಯಿರಿ. ಹಾಗೆಯೇ ಜೊತೆಗಾರರ ಕೈಯಲ್ಲಿ ಐದು ತೋಟೆಯಲ್ಲಿ ಮದ್ದಿಲ್ಲದ ಎರಡು ಡಮ್ಮಿ ಬೆರೆಸಿ ತುಂಬಿಸಿ, ಎಲ್ಲಿದೆ ಎಂದು ನಿಮಗೆ ಗೊತ್ತಿರಬಾರದು. ಡಮ್ಮಿ ಬಂದಾಗ ನಳಿಗೆಯ ತುದಿ ಕೆಳಗೆ ಕುಕ್ಕಿದರೆ ಬೆಚ್ಚುವ ಚಾಳಿ ಶುರುವಾಗಿದೆ ಎಂದರ್ಥ. ಅದು 10 ಬೋರಿನಲ್ಲಿ ಮೂರನೇ ಈಡಿಗೇ ಕಂಡರೆ ಆಶ್ಚರ್ಯಪಡಬೇಕಿಲ್ಲ. ಕಿವಿಗೆ ರಕ್ಷೆ ಇಲ್ಲದೆ ಯಾವ ಬೋರನ್ನೂ ಹಾರಿಸಬೇಡಿ. ಎಲ್ಲ ತೋಟೆ ಕೋವಿಗಳ ಸದ್ದೂ 140 ಡೆಸಿಬಲ್ ದಾಟುತ್ತದೆ, ಅಷ್ಟು ಸಾಕು ಕಿವಿ ಕೆಡಲು.

ಆರಿಸಿದ ಮೇಲೆ, ಅದೇ ಕೋವಿಯಿಂದ ಅದೇ ತೋಟೆಯನ್ನು 5, 10, 15 ಮೀಟರಿನಲ್ಲಿ ದೊಡ್ಡ ಕಾಗದಕ್ಕೆ ಹೊಡೆದು ತೂತುಗಳನ್ನು ಎಣಿಸಿ. ಎಲ್ಲ ಚರೆಗಳೂ ಎದೆಯಗಲದೊಳಗೆ ಉಳಿಯುವ ಕೊನೆಯ ದೂರವೇ ನಿಮ್ಮ ಗಡಿ. ಒಂದೇ ಕಂಪನಿಯ ಎರಡು ಕೋವಿಗಳಲ್ಲೂ ಇದು ಬೇರೆ ಬರುತ್ತದೆ, ಬೇರೆಯವರ ಅಂಕಿ ನಂಬಿ ಪ್ರಯೋಜನವಿಲ್ಲ.

ಇಡುವಾಗ ಬೀಗದೊಳಗೆ ಇಡಿ, ಚೇಂಬರ್ ಖಾಲಿ ಇರಲಿ, ತೋಟೆ ಕೊಳವೆಯಲ್ಲಿರಲಿ. ಹೆಚ್ಚಿನ ತೋಟೆ ಕೋವಿಗಳ ಸೇಫ್ಟಿ ಟ್ರಿಗರನ್ನು ಮಾತ್ರ ತಡೆಯುತ್ತದೆ; ಚೇಂಬರ್ ತುಂಬಿದ ಕೋವಿ ಕೈಜಾರಿ ಬಿದ್ದರೆ ಸೇಫ್ಟಿ ಹಾಕಿದ್ದರೂ ಹಾರಬಹುದು. ಕೊಳವೆಯ ಸ್ಪ್ರಿಂಗಿನ ಒತ್ತಡದಲ್ಲಿ ತಿಂಗಳುಗಟ್ಟಲೆ ಇದ್ದ ಪ್ಲಾಸ್ಟಿಕ್ ತೋಟೆಗಳು ನಿಧಾನಕ್ಕೆ ಕುಗ್ಗಿ ಹೊಟ್ಟೆ ಉಬ್ಬುತ್ತವೆ, ಆಮೇಲೆ ಚೇಂಬರಿನಲ್ಲಿ ಬಿಗಿಯಾಗುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಅವನ್ನು ಹೊರತೆಗೆದು ಮೇಜಿನ ಮೇಲೆ ಉರುಳಿಸಿ ನೋಡಿ. ನೆಟ್ಟಗೆ ಉರುಳದೆ ತೊಯ್ದಾಡುವ ತೋಟೆಯನ್ನು ಅಭ್ಯಾಸದ ಡಬ್ಬಿಗೆ ಹಾಕಿ ಹೊಸದನ್ನು ತುಂಬಿ.